ಹೆಸರು ಬಂದ ವರ್ಷದ ಗೆಲುವು

1973ನೆಯ ಇಸವಿಯ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಅದಾದ ಕೆಲವೇ ತಿಂಗಳಲ್ಲಿ, 1974ರ ಬೇಸಗೆ ಕಾಲಿಡುವ ಹೊತ್ತಿಗೆ, ಕರ್ನಾಟಕದ ಕ್ರಿಕೆಟ್ ತಂಡವು ಮುಂಬಯಿಯನ್ನು ಹಿಂದೆ ಹಾಕಿ ರಣಜಿ ಟ್ರೋಫಿಯನ್ನು ಮೊದಲ ಬಾರಿಗೆ ಮನೆಗೆ ತಂದಿತು. ಮೊದಲನೆಯ ಸಂಗತಿಯನ್ನು ರಾಜಕೀಯದ ಚರಿತ್ರೆ ಬರೆಯುವವರು ಬರೆದಿದ್ದಾರೆ; ಎರಡನೆಯದನ್ನು ಆಟದ ಪುಟ ತುಂಬುವವರು ಬರೆದಿದ್ದಾರೆ. ಎರಡನ್ನೂ ಒಂದೇ ಹಾಳೆಯ ಮೇಲೆ ಇಟ್ಟು ನೋಡಿದವರು ಕಡಿಮೆ. ಹಾಗೆ ನೋಡಬೇಕಾದರೆ ಬೆಂಗಳೂರಿನಲ್ಲಿ ನಿಂತು ನೋಡುವುದಕ್ಕಿಂತ ರೋಣ, ನರಗುಂದ, ಗಜೇಂದ್ರಗಡಗಳ ಕರಿಮಣ್ಣಿನ ಮೇಲೆ ನಿಂತು ನೋಡುವುದು ಲೇಸು. ಏಕೆಂದರೆ ಮೈಸೂರು ಮತ್ತು ಮುಂಬಯಿ ಎಂಬ ಎರಡು ಹೆಸರುಗಳ ನಡುವೆ ಸಿಕ್ಕಿ ಬಾಳಿದ ಸೀಮೆ ಇದು. ಆ ಎರಡರಲ್ಲಿ ಯಾವುದೂ ಇದರ ಸ್ವಂತ ಹೆಸರಾಗಿರಲಿಲ್ಲ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ ಇವೇ. ಈ ನಾಲ್ಕನ್ನೂ ಗೆರೆ ಎಳೆದು ಸೇರಿಸಿದರೆ ರೋಣವೂ ನರಗುಂದವೂ ಆ ಚೌಕದ ಒಳಗೆ ಬರುತ್ತವೆ. ಗಜೇಂದ್ರಗಡ ಅದರ ಅಂಚಿಗೆ ತಗಲಿಕೊಂಡು ನಿಲ್ಲುತ್ತದೆ. ಕನ್ನಡದ ನಡುಮನೆಯಲ್ಲೇ ಹುಟ್ಟಿದ ಊರುಗಳಿವು. ಆದರೆ ಕನ್ನಡದ ಹೆಸರನ್ನು ಹೊತ್ತ ಒಂದು ರಾಜ್ಯದ ಪ್ರಜೆಗಳೆನಿಸಿಕೊಳ್ಳಲು ಇಲ್ಲಿಯವರು ಇಪ್ಪತ್ತನೆಯ ಶತಮಾನದ ಮುಕ್ಕಾಲು ಭಾಗ ಕಾಯಬೇಕಾಯಿತು. ಇದು ವಿಚಿತ್ರವಲ್ಲವೆ?

ನಡುಮನೆ ಗಡಿಯಾದದ್ದು ಹೇಗೆಂಬುದನ್ನು ಇಲ್ಲಿಯ ಕೋಟೆಗಳೇ ಹೇಳುತ್ತವೆ. 1785ರಲ್ಲಿ ಟಿಪ್ಪುಸುಲ್ತಾನನ ಸೈನ್ಯ ನರಗುಂದದ ಗುಡ್ಡವನ್ನು ಮುತ್ತಿತು. ನರಗುಂದದ ಭಾವೆ ಮನೆತನದ ವೆಂಕಟರಾಯ ಪುಣೆಯ ಕಡೆ ಕೈಚಾಚಿದ. ಆದರೂ ಕೋಟೆ ಬಿದ್ದಿತು. ಅಲ್ಲಿ ಹೊತ್ತಿದ ಕಿಡಿ ಮೈಸೂರಿಗೂ ಮರಾಠರಿಗೂ ದೊಡ್ಡ ಯುದ್ಧವೇ ಆಗಿ, ಕೊನೆಗೆ 1787ರಲ್ಲಿ ಒಪ್ಪಂದವಾದದ್ದು ಗಜೇಂದ್ರಗಡದಲ್ಲಿ. ಹೀಗೆ ಮೈಸೂರಿನವರೂ ಪುಣೆಯವರೂ ಜಗಳ ತೆಗೆದದ್ದು ನರಗುಂದದ ಮೇಲೆ, ಜಗಳ ಮುಗಿಸಿದ್ದು ಗಜೇಂದ್ರಗಡದ ಹೆಸರಿನಲ್ಲಿ. ನಡುವೆ ತುಳಿದಾಡಿದ್ದು ಇಲ್ಲಿಯ ಜೋಳದ ಹೊಲಗಳನ್ನು. 1818ರಲ್ಲಿ ಪೇಶ್ವೆಗಳ ಆಳಿಕೆ ಅಳಿದ ಮೇಲೆ ಧಾರವಾಡ ಪ್ರಾಂತವು ಇಂಗ್ಲಿಷರ ಕೈಸೇರಿ, ಮುಂದೆ ಮುಂಬಯಿ ಇಲಾಖೆಯ ಭಾಗವಾಯಿತು. ನರಗುಂದದ ಪುಟ್ಟ ಸಂಸ್ಥಾನ ಮಾತ್ರ ಇನ್ನಷ್ಟು ಕಾಲ ಉಳಿದು, 1858ರಲ್ಲಿ ಬಾಬಾಸಾಹೇಬ ಭಾಸ್ಕರರಾಯನ ಬಂಡಾಯದೊಡನೆ ಅದೂ ಮುಗಿಯಿತು.

ಅಂದಿನಿಂದ ಒಂದು ನೂರು ವರ್ಷ ಈ ಸೀಮೆಗೆ ಮುಂಬಯಿಯೇ ರಾಜಧಾನಿ. ಮ್ಯಾಟ್ರಿಕ್ ಪರೀಕ್ಷೆ ಮುಂಬಯಿಯದು, ಹೈಕೋರ್ಟು ಮುಂಬಯಿಯದು, ಶಾಸನಸಭೆ ಮುಂಬಯಿಯದು. ಹೊಟ್ಟೆಪಾಡಿಗೆ ಹೊರಟವನು ರೈಲು ಹತ್ತುತ್ತಿದ್ದದ್ದೂ ಬಹುಮಟ್ಟಿಗೆ ಆ ದಿಕ್ಕಿಗೇ. ಮುಂಬಯಿ ಈ ಜನಕ್ಕೆ ವೈರಿಯಾಗಿರಲಿಲ್ಲ, ಅನ್ನ ಕೊಟ್ಟ ಊರೂ ಹೌದು. ಆದರೆ ಅಲ್ಲಿ ಕನ್ನಡ ಮಾತಾಡುವ ನಾಲ್ಕು ಜಿಲ್ಲೆಗಳದ್ದು ಮೂಲೆಯ ಸ್ಥಾನವೆಂಬುದು ಎಲ್ಲರಿಗೂ ಗೊತ್ತಿದ್ದ ಮಾತು.

ಈ ಮೂಲೆಯ ಜನ ತಮಗೊಂದು ಹೆಸರನ್ನು ಹುಡುಕಿಕೊಂಡರು. ಆ ಹೆಸರೇ ಕರ್ನಾಟಕ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಅಲ್ಲಿಯೇ ಕರ್ನಾಟಕ ಕಾಲೇಜು ತೆರೆಯಿತು. ಬೆಳಗಾವಿಯಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದ ದಿನಪತ್ರಿಕೆಯೊಂದು ರಾಜ್ಯ ಒಂದಾಗುವ ಎಷ್ಟೋ ವರ್ಷ ಮೊದಲೇ ಸಂಯುಕ್ತ ಕರ್ನಾಟಕವೆಂದು ಹೆಸರಿಟ್ಟುಕೊಂಡಿತ್ತು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಕೇಳಿಬಂದ ನಾಡಿನ ಹಾಡನ್ನು ಬರೆದವರು ಗದುಗಿನ ಹುಯಿಲಗೋಳ ನಾರಾಯಣರಾಯರು. ಮೈಸೂರು ಅರಸರ ಪ್ರಜೆಗಳಿಗೆ ನಾಡೆಂದರೆ ಮೈಸೂರು. ಅವರಿಗೆ ಹೆಸರಿನ ಬಡತನವಿರಲಿಲ್ಲ. ಹೆಸರಿಗಾಗಿ ಹಸಿದವರು ಈ ಕಡೆಯವರು.

ಆ ಹಸಿವು ಎಷ್ಟು ನಿಜವಾದದ್ದೆಂಬುದಕ್ಕೆ ರೋಣ ಸೀಮೆಯ ಜಕ್ಕಲಿಯೇ ಸಾಕ್ಷಿ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು 1953ರಲ್ಲಿ ಮುಂಬಯಿ ಶಾಸನಸಭೆಯ ಸ್ಥಾನವನ್ನು ಬಿಟ್ಟುಕೊಟ್ಟು, ಏಕೀಕರಣಕ್ಕಾಗಿ ಉಪವಾಸ ಹೂಡಿದರು. ಅವರ ಮನೆಯಲ್ಲಿ ನಾಡದೇವಿ ಭುವನೇಶ್ವರಿಯ ಚಿತ್ರಕ್ಕೆ ಪೂಜೆ ನಡೆಯುತ್ತಿತ್ತು. ಅದೇ ವರ್ಷ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರೂ ಅನ್ನ ಬಿಟ್ಟು ಕುಳಿತರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಜನರ ಸಹನೆಯ ಕಟ್ಟೆ ಒಡೆಯಿತು. ಮೂರು ವರ್ಷಗಳ ಮೇಲೆ, 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾಯಿತು. ಆದರೆ ಒಂದಾದ ನಾಡಿಗೆ ಇಟ್ಟ ಹೆಸರು ಮೈಸೂರು. ರೋಣದ ರೈತ ಬೆಳಗಾಗುವಷ್ಟರಲ್ಲಿ ಮುಂಬಯಿಯವನು ಹೋಗಿ ಮೈಸೂರಿನವನಾದ. ತಾನು ಬೇಡಿದ ಹೆಸರಿನವನು ಮಾತ್ರ ಆಗಲಿಲ್ಲ. ದೊಡ್ಡಮೇಟಿಯವರು ಹೊಸ ಶಾಸನಸಭೆಯಲ್ಲೂ ಆ ಹೆಸರಿಗಾಗಿ ದನಿಯೆತ್ತಿದರು. ಅದು ಬರುವುದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ, 1972ರಲ್ಲಿ ತೀರಿಕೊಂಡರು. ಅದೇ ವರ್ಷದ ಜುಲೈ ತಿಂಗಳಲ್ಲಿ ಶಾಸನಸಭೆ ಹೆಸರು ಬದಲಿಸುವ ಗೊತ್ತುವಳಿಯನ್ನು ಒಪ್ಪಿತು. ಮರುವರ್ಷ, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಹದಿನೇಳು ವರ್ಷದ ಬಾಕಿ ತೀರಿತು.

ಇದು ಹೆಸರಿನ ಕಥೆ. ಇನ್ನು ಆಟದ ಕಡೆಗೆ ಹೊರಳೋಣ.

ರಣಜಿತ್‌ಸಿಂಹರ ನೆನಪಿಗಾಗಿ ಪಟಿಯಾಲದ ಮಹಾರಾಜರು ಕೊಟ್ಟ ಬಟ್ಟಲಿಗಾಗಿ ಪ್ರಾಂತಗಳು ಸೆಣಸತೊಡಗಿದ್ದು 1934ರಲ್ಲಿ. ಆ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯವನ್ನೇ ಆಡಿದ ಕೀರ್ತಿ ಮೈಸೂರಿನದು. ಅದನ್ನು ಒಂದೇ ದಿನದಲ್ಲಿ ಸೋತ ಅಪಕೀರ್ತಿಯೂ ಅದರದೇ. ನವೆಂಬರ್ 4ರಂದು ಮದರಾಸಿನ ಚೆಪಾಕಿನಲ್ಲಿ ಮೈಸೂರು ಒಮ್ಮೆ 48 ಓಟಗಳಿಗೆ, ಇನ್ನೊಮ್ಮೆ 59 ಓಟಗಳಿಗೆ ಕುಸಿಯಿತು. ಮದರಾಸು ಹೊಡೆದದ್ದು ಕೇವಲ 130. ಅದೇ ಒಂದು ಇನ್ನಿಂಗ್ಸಿನ ಗೆಲುವಿಗೆ ಸಾಕಾಯಿತು. 1946ರ ಮಾರ್ಚಿನಲ್ಲಿ ಇಂದೂರಿನ ಹೋಳ್ಕರ್ ತಂಡ ಮೈಸೂರಿನ ಎದುರು ಎಂಟು ವಿಕೆಟ್ಟಿಗೆ 912 ಓಟಗಳನ್ನು ಪೇರಿಸಿತು. ಒಂದೇ ಇನ್ನಿಂಗ್ಸಿನಲ್ಲಿ ಆರು ಮಂದಿ ಶತಕ ಬಾರಿಸಿದರು. ಮೈಸೂರು ಅಂತಿಮ ಪಂದ್ಯವನ್ನು ತಲುಪಿದ್ದೂ ಉಂಟು. 1941-42ರಲ್ಲಿ ಒಮ್ಮೆ, 1959-60ರಲ್ಲಿ ಒಮ್ಮೆ. ಎರಡು ಸಲವೂ ಎದುರಿಗೆ ನಿಂತದ್ದು ಮುಂಬಯಿ. ಎರಡು ಸಲವೂ ಸೋಲು ಇನ್ನಿಂಗ್ಸಿನ ಸೋಲು.

ಮುಂಬಯಿಯೆಂದರೆ ಆಗಿನ ಕಾಲದಲ್ಲಿ ಅಂಥ ಗೋಡೆ. 1958-59ರಿಂದ 1972-73ರ ವರೆಗೆ ಹದಿನೈದು ವರ್ಷ ಒಂದೇ ಸಮನೆ ಬಟ್ಟಲು ಆ ಊರನ್ನು ಬಿಟ್ಟು ಕದಲಲಿಲ್ಲ. ರಾಜಸ್ಥಾನ ಈ ಅವಧಿಯಲ್ಲಿ ಏಳು ಸಲ ಅಂತಿಮ ಪಂದ್ಯಕ್ಕೆ ಬಂದು ಏಳು ಸಲವೂ ಮುಂಬಯಿಗೆ ಸೋತಿತು. ಒಬ್ಬ ಹುಡುಗ ಒಂದನೆಯ ಇಯತ್ತೆ ಸೇರಿದಾಗ ಮುಂಬಯಿ ಗೆದ್ದಿತ್ತು. ಅವನು ಕಾಲೇಜಿನ ಮೆಟ್ಟಿಲಿಳಿದಾಗಲೂ ಮುಂಬಯಿಯೇ ಗೆದ್ದಿತ್ತು. ಗೆಲ್ಲುವುದಕ್ಕೆ ಮುಂಬಯಿ, ಆಡುವುದಕ್ಕೆ ಉಳಿದವರು ಎಂಬಂತಾಗಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಳೆಯ ಮುಂಬಯಿ ಇಲಾಖೆ ವಿಶಾಲವಾದದ್ದು. 1934ರಲ್ಲಿ ಪಂದ್ಯಾವಳಿ ಆರಂಭವಾದಾಗ ಆ ಒಂದು ಇಲಾಖೆಯ ನೆಲದಿಂದಲೇ ಮುಂಬಯಿ, ಮಹಾರಾಷ್ಟ್ರ, ಗುಜರಾತ್, ಸಿಂಧ್ ಎಂದು ಬೇರೆ ಬೇರೆ ತಂಡಗಳು ಎದ್ದವು. ಅಂದರೆ ಇಲಾಖೆಯ ಮರಾಠಿಗರಿಗೆ, ಗುಜರಾತಿಗಳಿಗೆ, ಸಿಂಧಿಗಳಿಗೆ ತಮ್ಮ ನಾಡಿನ ಹೆಸರಿನ ತಂಡವೊಂದು ಇತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಕನ್ನಡಿಗರಿಗೆ ಮಾತ್ರ ಇರಲಿಲ್ಲ. ಮುಂಬಯಿ ತಂಡವೋ, ಆ ನಗರದ ಮೈದಾನಗಳ ಮಕ್ಕಳದು. ಮೈಸೂರು ತಂಡವೋ, ಬೇರೊಬ್ಬ ಅರಸನ ರಾಜ್ಯದ್ದು. ಇದನ್ನು ಯಾರೂ ಬೇಕೆಂದು ಮಾಡಿದ ಅನ್ಯಾಯವೆನ್ನಲಾಗದು. ಆಗ ಈ ಸೀಮೆಯ ಆಟವೆಂದರೆ ಗರಡಿಮನೆಯ ಕುಸ್ತಿ, ಓಣಿಯ ಹುತುತು, ಜಾತ್ರೆಯಲ್ಲಿ ಗುಂಡು ಎತ್ತುವುದು. ಆದರೂ ಹೆಸರಿಲ್ಲದ ನಾಡಿಗೆ ಆಟದ ಪಟ್ಟಿಯಲ್ಲೂ ಜಾಗವಿರುವುದಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

1973-74ರ ಋತುವಿನಲ್ಲಿ ಆ ಪಟ್ಟಿಯ ಮೇಲೆ ಕರ್ನಾಟಕವೆಂಬ ಹೆಸರು ಮೊದಲ ಬಾರಿಗೆ ಮೂಡಿತು. ತಂಡದ ನಾಯಕ ಎರಪಳ್ಳಿ ಪ್ರಸನ್ನ. ಚೆಂಡನ್ನು ಗಾಳಿಯಲ್ಲಿ ತೂಗಿ ದಾಂಡಿಗನನ್ನು ಮುಂದಕ್ಕೆ ಕರೆದು ಕೈಕೊಡುವ ಜಾಣ. ಅವರ ಜೊತೆಗೆ ಮೈಸೂರಿನ ಚಂದ್ರಶೇಖರ್. ಎಳೆತನದಲ್ಲಿ ಪೋಲಿಯೋ ಬಡಿದು ಸಣಕಲಾದ ಬಲಗೈಯಿಂದಲೇ 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ಓಟಗಳಿಗೆ ಆರು ಇಂಗ್ಲಿಷರನ್ನು ಉರುಳಿಸಿ ಭಾರತಕ್ಕೆ ಆ ನೆಲದ ಮೊದಲ ಗೆಲುವನ್ನು ತಂದವರು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್, ರಣಜಿಯ ಮೊದಲ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ಓಟ ಗಳಿಸಿ, 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲಿ ಸೊನ್ನೆಯ ಬೆನ್ನಿಗೇ 137 ಹೊಡೆದವರು. ಬರೋಡೆಯಲ್ಲಿ ಹುಟ್ಟಿದ ಬ್ರಿಜೇಶ್ ಪಟೇಲ್, ಮದರಾಸಿನಲ್ಲಿ ಹುಟ್ಟಿದ ಸೈಯದ್ ಕಿರ್ಮಾನಿ, ಎಡಗೈ ಚೆಂಡುಗಾರ ವಿಜಯಕೃಷ್ಣ. ನಾಡಿನ ಹೆಸರನ್ನು ಹೊತ್ತ ತಂಡ ಯಾರ ಹುಟ್ಟೂರನ್ನೂ ಕೇಳಲಿಲ್ಲ, ಕೇಳಬಾರದು ಕೂಡ.

ದಕ್ಷಿಣ ವಲಯವನ್ನು ದಾಟಿ ಬಂದ ಕರ್ನಾಟಕಕ್ಕೆ 1974ರ ಮಾರ್ಚಿನಲ್ಲಿ ಉಪಾಂತ್ಯ ಪಂದ್ಯ ಬೆಂಗಳೂರಿನಲ್ಲಿ ಒದಗಿತು, ಈಗ ಚಿನ್ನಸ್ವಾಮಿಯವರ ಹೆಸರನ್ನು ಹೊತ್ತಿರುವ ಮೈದಾನದಲ್ಲಿ. ಎದುರಾಳಿ ಮತ್ತದೇ ಮುಂಬಯಿ. ಅದರ ನಾಯಕ ಅಜಿತ್ ವಾಡೇಕರ್, ಆಗ ಭಾರತ ತಂಡಕ್ಕೂ ನಾಯಕರು. ಕರ್ನಾಟಕದ ಪ್ರಮುಖರು ಅವರ ಕೈಕೆಳಗೇ ದೇಶಕ್ಕಾಗಿ ಆಡಿದವರು. ಗವಾಸ್ಕರ್ ಆ ಕಡೆ, ಅಶೋಕ್ ಮಂಕಡ್ ಆ ಕಡೆ. ಗೆಲುವು ಸೋಲು ಪೂರ್ತಿ ಇತ್ಯರ್ಥವಾಗದಿದ್ದರೆ ಮೊದಲ ಇನ್ನಿಂಗ್ಸಿನಲ್ಲಿ ಯಾರು ಹೆಚ್ಚು ಗಳಿಸಿದರೋ ಅವರೇ ಮುಂದಕ್ಕೆ ಹೋಗುವುದು ಪಂದ್ಯಾವಳಿಯ ಕಟ್ಟಳೆ. ಆದ್ದರಿಂದ ಮೊದಲ ಇನ್ನಿಂಗ್ಸೇ ಜೀವಾಳ.

ಕರ್ನಾಟಕ ಮೊದಲು ದಾಂಡು ಹಿಡಿಯಿತು. ಆರಂಭದಲ್ಲೇ ವಿಕೆಟ್ ಹೋಗಿ ವಿಶ್ವನಾಥ್ ಬಂದರು. ಬಂದವರ ಕಾಲಿಗೆ ಅಬ್ದುಲ್ ಇಸ್ಮಾಯಿಲರ ಚೆಂಡು ಬಡಿದಾಗ ಮುಂಬಯಿಯವರು ಒಕ್ಕೊರಲಿನಿಂದ ಕೂಗಿದರು. ಅಂಪೈರರ ಬೆರಳು ಮೇಲೇಳಲಿಲ್ಲ. ಆ ಬೆರಳು ಎದ್ದಿದ್ದರೆ ಕಥೆ ಬೇರೆಯಾಗುತ್ತಿತ್ತೆಂದು ಮುಂಬಯಿಯವರು ಮುಂದೆ ಬಹುಕಾಲ ಹೇಳಿಕೊಂಡರು. ಇರಬಹುದು. ಆದರೆ ಉಳಿದ ಜೀವವನ್ನು ವಿಶ್ವನಾಥ್ ಬಳಸಿಕೊಂಡ ಬಗೆಯೇ ಬೇರೆ: 162 ಓಟಗಳು. ಬ್ರಿಜೇಶ್ ಪಟೇಲ್ 106. ತಂಡದ ಮೊತ್ತ 385.

ಮುಂಬಯಿಗೆ 385 ದೊಡ್ಡ ಬೆಟ್ಟವೇನಲ್ಲ. ಗವಾಸ್ಕರ್ ನೆಲೆಯೂರುತ್ತಿದ್ದಾಗ ಪ್ರಸನ್ನರ ಒಂದು ಚೆಂಡು ಅವರನ್ನು ವಂಚಿಸಿ ವಿಕೆಟ್ಟನ್ನು ಕೆಡವಿತು. ವಾಡೇಕರ್ ಮತ್ತು ಮಂಕಡ್ ಸೇರಿ ಇನಿಂಗ್ಸನ್ನು ಎತ್ತಿ ನಿಲ್ಲಿಸಿದರು. ಗೋಡೆ ಮತ್ತೆ ಗಟ್ಟಿಯಾಗತೊಡಗಿತು. ಆಗ, 62 ಓಟ ಗಳಿಸಿದ್ದ ವಾಡೇಕರ್ ಓಟದ ನಡುವೆ ತಿರುಗುವಾಗ ಕಾಲು ಜಾರಿ ಬಿದ್ದರು. ಚೆಂಡು ವಿಕೆಟ್ಟನ್ನು ಮುಟ್ಟಿತು, ನಾಯಕ ಮುಟ್ಟಲಿಲ್ಲ. ಹದಿನೈದು ವರ್ಷ ಜಾರದ ಕಾಲು ಜಾರಿದ್ದು ಆ ಒಂದು ಕ್ಷಣದಲ್ಲಿ. ಮುಂದೆ ಪ್ರಸನ್ನ, ಚಂದ್ರಶೇಖರರ ಜೋಡಿ ಕೈಬಿಡಲಿಲ್ಲ. ಮುಂಬಯಿ 307ಕ್ಕೆ ಮುಗಿಯಿತು. ಎಪ್ಪತ್ತೆಂಟು ಓಟಗಳ ಮುನ್ನಡೆ. ಪಂದ್ಯ ಡ್ರಾ ಆಯಿತು. ಮುಂಬಯಿ ಹೊರಬಿದ್ದಿತು, ಕರ್ನಾಟಕ ಒಳನಡೆಯಿತು.

ಅಂತಿಮ ಪಂದ್ಯ ಜಯಪುರದಲ್ಲಿ. ಏಳು ಸಲ ಮುಂಬಯಿಗೆ ಸೋತ ರಾಜಸ್ಥಾನಕ್ಕೆ ಮುಂಬಯಿಯಿಲ್ಲದ ಅಂತಿಮ ಪಂದ್ಯ ಸಿಕ್ಕಿತ್ತು, ಅದೂ ಸ್ವಂತ ಅಂಗಳದಲ್ಲಿ. ಆದರೂ ಅದರ ಭಾಗ್ಯ ತೆರೆಯಲಿಲ್ಲ. ಕರ್ನಾಟಕ 185 ಓಟಗಳಿಂದ ಗೆದ್ದಿತು. ರಾಜಸ್ಥಾನಕ್ಕೆ ಬಟ್ಟಲು ದಕ್ಕಿದ್ದು 2010-11ರಲ್ಲಿ. ಕಾಯುವುದರಲ್ಲಿ ನಮಗಿಂತ ಹಿರಿಯರೂ ಇದ್ದಾರೆಂದು ಇದರಿಂದ ತಿಳಿಯಬೇಕು.

ಹಾಗಾದರೆ ಈ ಗೆಲುವು ಯಾರದು? ಬೆಂಗಳೂರಿನದೆಂದು ಹೇಳುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆಡಿದವರು ಬೆಂಗಳೂರು ಮೈಸೂರುಗಳ ಕ್ಲಬ್ಬುಗಳಲ್ಲಿ ಬೆಳೆದವರು. ನಲವತ್ತು ವರ್ಷ ಮೈಸೂರೆಂಬ ಹೆಸರಿನಲ್ಲಿ ಸೋತು ಸೋತು ಆಟವನ್ನು ಕಲಿತದ್ದೂ ಆ ಕ್ಲಬ್ಬುಗಳೇ. ರೋಣದವನು ಒಬ್ಬನೂ, ನರಗುಂದದವನು ಒಬ್ಬನೂ ಆ ಹನ್ನೊಂದು ಮಂದಿಯಲ್ಲಿರಲಿಲ್ಲ. ಆದರೆ ಆ ಹನ್ನೊಂದು ಮಂದಿ ಯಾವ ಹೆಸರಿನಲ್ಲಿ ಗೆದ್ದರೋ ಆ ಹೆಸರನ್ನು ದುಡಿದು ತಂದವರಲ್ಲಿ ಈ ಕಡೆಯವರು ಮುಂದಿನ ಸಾಲಿನಲ್ಲಿದ್ದರು. ಆಟ ದಕ್ಷಿಣದ್ದು, ಹೆಸರು ಉತ್ತರದ್ದು. ಒಂದು ವರ್ಷ ಮೊದಲು ಇದೇ ತಂಡ ಗೆದ್ದಿದ್ದರೆ ಬಟ್ಟಲಿನ ಮೇಲೆ ಮೈಸೂರೆಂದು ಕೆತ್ತುತ್ತಿದ್ದರು. ಆಗ ಗಜೇಂದ್ರಗಡದ ನೇಕಾರ ಪತ್ರಿಕೆಯಲ್ಲಿ ಅದನ್ನು ಓದಿ ಸಂತೋಷಪಡಬಹುದಿತ್ತು. ನಾವು ಗೆದ್ದೆವೆನ್ನಲು ಒಂದು ಗಳಿಗೆ ತಡೆಯುತ್ತಿದ್ದ. 1974ರಲ್ಲಿ ಆ ತಡೆಯಿರಲಿಲ್ಲ. ಅದೂ ಗೆದ್ದದ್ದು ಯಾರ ಮೇಲೆ? ಹದಿನೆಂಟು ವರ್ಷದ ಹಿಂದಿನವರೆಗೆ ತನಗೆ ರಾಜಧಾನಿಯಾಗಿದ್ದ ಊರಿನ ಮೇಲೆ. ಮೈಸೂರಿನ ದಂಡೂ ಪುಣೆಯ ದಂಡೂ ನರಗುಂದಕ್ಕಾಗಿ ಕಾದಾಡಿದಾಗ ಯಾರು ಗೆದ್ದರೂ ಇಲ್ಲಿಯವನಿಗೆ ಕಂದಾಯ ತಪ್ಪಿರಲಿಲ್ಲ. ಈ ಕಾದಾಟದಲ್ಲಿ ಒಂದು ಪಕ್ಷ ನನ್ನದೆಂದು ಹೇಳಲು ಅವನಿಗೆ ಮೊದಲ ಬಾರಿ ಸಾಧ್ಯವಾಯಿತು.

ಹೆಸರೊಂದೇ ಸಾಕೆ ಎಂದು ಕೇಳಿದರೆ, ಸಾಲದು. ಹೆಸರು ಬಾಗಿಲನ್ನು ತೆರೆಯುತ್ತದೆ; ಒಳಗೆ ನಡೆದು ಹೋಗುವ ಕಾಲು ಬೇರೆಯೇ ಬೇಕು. ಕ್ರಿಕೆಟ್ಟಿಗೆ ಹದಮಾಡಿದ ಅಂಕಣ ಬೇಕು, ವರ್ಷವಿಡೀ ಪಂದ್ಯಗಳು ಬೇಕು, ಹುಡುಗನ ಆಟವನ್ನು ಕಂಡು ಆರಿಸುವ ಕಣ್ಣು ಬೇಕು. ಇವೆಲ್ಲ ಬಹುಕಾಲ ಬೆಂಗಳೂರಿನ ಸುತ್ತಲೇ ಉಳಿದವು. ಈ ಸೀಮೆಯ ಕಾಲು ಆ ಬಾಗಿಲನ್ನು ದಾಟಿದ್ದು 1990ರ ದಶಕದಲ್ಲಿ. 1970ರಲ್ಲಿ ಗದುಗಿನಲ್ಲಿ ಹುಟ್ಟಿದ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಜಾವಕ್ಕೆ ಎದ್ದು ಹುಬ್ಬಳ್ಳಿಗೆ ಹೋಗಿ, ಆಡಿ, ಶಾಲೆಯ ಹೊತ್ತಿಗೆ ಗದುಗಿಗೆ ಹಿಂದಿರುಗುತ್ತಿದ್ದರು. 1995-96ರ ರಣಜಿ ಋತುವಿನಲ್ಲಿ ಅವರು ಐನೂರಕ್ಕೂ ಮೇಲೆ ಓಟಗಳನ್ನೂ ಐವತ್ತಕ್ಕೂ ಮೇಲೆ ವಿಕೆಟ್ಟುಗಳನ್ನೂ ಗಳಿಸಿದರು. ಆ ವರ್ಷ ಕರ್ನಾಟಕ ಮತ್ತೆ ಬಟ್ಟಲನ್ನು ಗೆದ್ದಿತು. 1996ರಲ್ಲಿ ಅವರು ಇಂಗ್ಲೆಂಡಿನಲ್ಲಿ ಭಾರತಕ್ಕಾಗಿ ಟೆಸ್ಟ್ ಆಡಿದರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಹತ್ತು ಓವರು ಎಸೆದು ಆರೇ ಓಟ ಕೊಟ್ಟು ಐದು ವಿಕೆಟ್ ಕಿತ್ತರು. ಈ ನಡುವೆ 1997ರಲ್ಲಿ ಗದಗ ಸ್ವತಂತ್ರ ಜಿಲ್ಲೆಯಾಗಿ ರೋಣ, ನರಗುಂದಗಳು ಅದರಲ್ಲಿ ಸೇರಿದವು. ಹೀಗೆ ಮೊದಲು ಹೆಸರು ಬಂದಿತು, ಇಪ್ಪತ್ತು ವರ್ಷದ ಮೇಲೆ ಆಟಗಾರ ಬಂದ.

1973-74ರ ನಂತರ ಕರ್ನಾಟಕ ಇನ್ನೂ ಏಳು ಸಲ ರಣಜಿ ಟ್ರೋಫಿಯನ್ನು ಗೆದ್ದಿದೆ: 1977-78, 1982-83, 1995-96, 1997-98, 1998-99, 2013-14, 2014-15. ಆಟದ ಬೆಡಗಿನಲ್ಲಿ ಇವುಗಳಲ್ಲಿ ಕೆಲವು ಮೊದಲನೆಯದಕ್ಕಿಂತ ಮೇಲಿರಬಹುದು. ಆದರೆ ಮೊದಲನೆಯದರ ತೂಕ ಓಟಗಳ ಲೆಕ್ಕದಲ್ಲಿಲ್ಲ. ಉಪವಾಸ ಕುಳಿತವರು, ಸ್ಥಾನ ತೊರೆದವರು, ಹಾಡು ಕಟ್ಟಿದವರು ಬಯಸಿದ್ದು ಇಷ್ಟೇ: ಕಾವೇರಿಯ ದಡದವನೂ ಮಲಪ್ರಭೆಯ ದಡದವನೂ ಒಂದೇ ಮಾತಿನಲ್ಲಿ ನಾವು ಎನ್ನಬೇಕು. ಸರಕಾರದ ಗೆಜೆಟ್ಟು ಆ ಮಾತನ್ನು ಬರೆದುಕೊಟ್ಟಿತು. ಅದನ್ನು ಬಾಯಿತುಂಬ ಆಡುವ ಮೊದಲ ಸಂದರ್ಭ ಒದಗಿಬಂದದ್ದು, ಗದುಗು ರೋಣಗಳಿಂದ ನೂರಾರು ಮೈಲಿ ದೂರದ ಜಯಪುರದಲ್ಲಿ, ಒಂದು ಬಟ್ಟಲಿನ ರೂಪದಲ್ಲಿ. ಜಕ್ಕಲಿಯ ಹಿರಿಯರು ಬದುಕಿದ್ದರೆ ಕ್ರಿಕೆಟ್ಟಿನ ಲೆಕ್ಕ ಅವರಿಗೆ ತಿಳಿಯುತ್ತಿತ್ತೋ ಇಲ್ಲವೋ, ಪತ್ರಿಕೆಯ ತಲೆಬರಹದಲ್ಲಿ ಗೆದ್ದವರ ಹೆಸರನ್ನಂತೂ ಅವರು ಎರಡು ಸಲ ಓದುತ್ತಿದ್ದರು.